ಚೆಲುವಿನ ಬೆಲೆ ಮತ್ತು ಜೀವದಯೆ

ಪ್ರಾಣಿಯನ್ನು ಪ್ರೀತಿಸುವುದಕ್ಕೂ ಅದರ ರೂಪವನ್ನು ಪ್ರೀತಿಸುವುದಕ್ಕೂ ಅಂತರವುಂಟು. ತಳಿಬೆಕ್ಕುಗಳನ್ನು ಪ್ರದರ್ಶನಕ್ಕಿಡುವ ಹವ್ಯಾಸದಲ್ಲಿ ಈ ಅಂತರವು ಸ್ಪಷ್ಟವಾಗಿ ಗೋಚರಿಸುತ್ತದೆ.

1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಅದನ್ನು ಏರ್ಪಡಿಸಿದವರು ಹ್ಯಾರಿಸನ್ ವೇರ್ ಎಂಬ ಚಿತ್ರಕಾರರು. ತಾತ್ಸಾರಕ್ಕೆ ಗುರಿಯಾಗಿದ್ದ ಬೆಕ್ಕಿಗೆ ಜನರ ಆದರ ದೊರೆಯಲೆಂಬುದು ಅವರ ಆಶಯ. 1887ರಲ್ಲಿ ಸ್ಥಾಪಿತವಾದ ನ್ಯಾಷನಲ್ ಕ್ಯಾಟ್ ಕ್ಲಬ್ಬಿಗೆ ಅವರೇ ಮೊದಲ ಅಧ್ಯಕ್ಷರಾದರು. ಆದರೆ ಅನೇಕ ಸದಸ್ಯರಿಗೆ ಬೆಕ್ಕಿನ ಕ್ಷೇಮಕ್ಕಿಂತ ಬಹುಮಾನವೇ ಹೆಚ್ಚಾಯಿತೆಂದು ನೊಂದು ಆ ಸ್ಥಾನವನ್ನು ತ್ಯಜಿಸಿದರು.

ಅವರ ನೋವು ನಿರಾಧಾರವಾದುದಲ್ಲವೆಂಬುದನ್ನು ಮುಂದಿನ ಕಾಲವು ತೋರಿಸಿತು. 1961ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಡಿಚಿದ ಕಿವಿಗಳ ಬೆಕ್ಕೊಂದು ಕಂಡುಬಂದಿತು. ಅದರ ಸಂತತಿಯೇ ‘ಸ್ಕಾಟಿಷ್ ಫೋಲ್ಡ್’. ಕಿವಿಯನ್ನು ಮಡಿಚುವ ಆ ವಂಶಗುಣವೇ ಮೃದ್ವಸ್ಥಿಯನ್ನು ಕೆಡಿಸಿ, ಕಾಲು ಬಾಲಗಳ ಕೀಲುಗಳಲ್ಲಿ ಬಾಧೆಯನ್ನು ಉಂಟುಮಾಡುತ್ತದೆ. ಬ್ರಿಟನ್ನಿನ ಪ್ರಮುಖ ಸಂಸ್ಥೆಯು 1970ರ ದಶಕದಲ್ಲಿಯೇ ಅದರ ನೋಂದಣಿಯನ್ನು ನಿಲ್ಲಿಸಿತು. ಅಮೆರಿಕದ ಪ್ರದರ್ಶನಗಳು ಅದಕ್ಕೆ ಸ್ಥಾನ ನೀಡಿದವು. ಅತಿ ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕಿಗೂ ಉಸಿರಾಟದ ಕಷ್ಟ, ಸದಾ ಒಸರುವ ಕಣ್ಣು ತಪ್ಪಿದ್ದಲ್ಲ.

ಹೊಸದಾಗಿ ಈ ಹವ್ಯಾಸಕ್ಕೆ ಕಾಲಿಡುವವನು ಮೊದಲು ಪ್ರೇಕ್ಷಕನಾಗಿ ತಳಿಗಳನ್ನು ಕಂಡು, ಬಳಿಕ ವಂಶಾವಳಿ ದಾಖಲಾದ ಮರಿಯನ್ನು ಕೊಳ್ಳುವುದು ವಾಡಿಕೆ. ಆ ರೂಪವನ್ನು ತಾನು ನಿರ್ಮಿಸಲಿಲ್ಲ, ಕೊಂಡೆನಷ್ಟೆ ಎಂಬುದು ಅವನ ಸಮಾಧಾನ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲಿಯೂ ಹಿಂಸೆಯ ಹೊಣೆಯುಂಟೆಂದು ಬಲ್ಲವರಿಗೆ ಈ ಸಮಾಧಾನವು ಸಾಲದು. ಕೊಳ್ಳುವವರಿರುವುದರಿಂದಲೇ ಅಂತಹ ಮರಿಗಳನ್ನು ಹುಟ್ಟಿಸುವವರಿದ್ದಾರೆ. ತೀರ್ಪುಗಾರನು ಇಂದು ಮೆಚ್ಚಿದ ಮುಖವೇ ಮುಂದಿನ ಪೀಳಿಗೆಯ ಮುಖವಾಗುತ್ತದೆ.

ಹಾಗೆಂದು ಈ ಹವ್ಯಾಸವು ಸಂಪೂರ್ಣ ತ್ಯಾಜ್ಯವೆನ್ನಲಾಗದು. ಬ್ರಿಟನ್ ಮತ್ತು ಅಮೆರಿಕದ ಪ್ರದರ್ಶನಗಳಲ್ಲಿ ವಂಶಾವಳಿಯಿಲ್ಲದ ಸಾಮಾನ್ಯ ಮನೆಬೆಕ್ಕುಗಳಿಗೂ ಪ್ರತ್ಯೇಕ ವಿಭಾಗವುಂಟು. ಅಲ್ಲಿ ಆರೋಗ್ಯ, ಶುಚಿತ್ವ, ಸ್ವಭಾವಗಳೇ ಪ್ರಧಾನ. ಬೀದಿಯಿಂದ ತಂದು ಸಾಕಿದ ಬೆಕ್ಕೂ ಅಲ್ಲಿ ಗೌರವ ಪಡೆಯಬಲ್ಲುದು. ವೇರ್ ಅವರ ಮೊದಲ ಆಶಯಕ್ಕೆ ಈ ವಿಭಾಗವೇ ಹತ್ತಿರವಾದುದು. ಆದರೂ ಪಂಜರಕ್ಕೆ, ಜನಸಂದಣಿಗೆ ಅಂಜುವ ಬೆಕ್ಕನ್ನು ಮನೆಯಲ್ಲಿಯೇ ಇರಗೊಡುವುದು ಲೇಸು.

ಬಹುಮಾನವು ಒಡೆಯನಿಗೆ ಸಲ್ಲುತ್ತದೆ. ಬಾಧೆಯು ಬೆಕ್ಕಿಗೆ ಉಳಿಯುತ್ತದೆ. ಆದುದರಿಂದ ಮರಿಯನ್ನು ಆರಿಸುವ ಮುನ್ನವೇ ಪ್ರತಿಯೊಬ್ಬನೂ ವಿಚಾರಿಸಬೇಕಾದುದು ಒಂದೇ: ಈ ಚೆಲುವಿನ ಬೆಲೆಯನ್ನು ತೆರುತ್ತಿರುವವರು ಯಾರು?