ಟೇಸ್ಟಿಂಗ್ ಅಂದ್ರೆ ಕುಡಿಯೋದಲ್ವಾ?

ಕಳೆದ ಚಳಿಗಾಲದಲ್ಲಿ, ಶಿಕಾಗೋದಲ್ಲಿ, ಆಫೀಸಿನ ಗೆಳೆಯನೊಬ್ಬನ ಮನೆಗೆ ಟೇಸ್ಟಿಂಗ್‌ಗೆ ಅಂತ ಹೋಗಿದ್ದೆ. ಐದು ಜನ, ಒಂದು ಬಾಟಲಿ. ಬ್ಯಾರೆಲ್‌ನಲ್ಲಿ ಹಳೆಯದಾದ ಬಾರ್ಲಿವೈನ್. ಹೆಸರಲ್ಲಿ ವೈನ್ ಇದ್ರೂ ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಬಿಯರೇ. ವೈನಿನಷ್ಟು ಗಟ್ಟಿ ಇರೋದ್ರಿಂದ ಆ ಹೆಸರು. ಮಾಮೂಲಿ ಬಿಯರಿನಲ್ಲಿ ಆಲ್ಕೋಹಾಲ್ ನೂರಕ್ಕೆ 5ರ ಆಸುಪಾಸು, ಈ ಬಾಟಲಿ ಮೇಲೆ 12 ಅಂತಿತ್ತು.

ಅಮೆರಿಕದಲ್ಲಿ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಅನ್ನೋ ಕಾನೂನಿದೆ. ಒಂದ್ಸಲ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಬರಲ್ಲ. ಬಿಯರ್ ಮಾಡೋರು ಅದನ್ನು ಕೊಂಡು, ತಮ್ಮ ಬಿಯರ್ ತುಂಬಿ ತಿಂಗಳುಗಟ್ಟಲೆ ಬಿಡ್ತಾರೆ. ಮರ ಕುಡಿದಿದ್ದ ವಿಸ್ಕಿ ನಿಧಾನಕ್ಕೆ ಬಿಯರಿಗೆ ಇಳಿಯುತ್ತೆ.

ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟಿದ್ದರು, ತೀರಾ ತಣ್ಣಗಿದ್ದರೆ ರುಚಿ ಬಿಚ್ಚಲ್ಲವಂತೆ. ಕಂದು ಬಣ್ಣ, ಲೋಟದ ಅಂಚಿಗೆ ಅಂಟಿಕೊಳ್ಳೋ ಅಷ್ಟು ಮಂದ. ಎಲ್ಲರೂ ಮೂಸಿ ಹೇಳಬೇಕು. ಒಬ್ಬ ವೆನಿಲಾ ಅಂದ, ಒಬ್ಬಳು ಒಣ ಅಂಜೂರ ಅಂದಳು. ನನ್ನ ಸರದಿ ಬಂದಾಗ ಕಣ್ಣುಮುಚ್ಚಿದೆ. ಆಲೆಮನೆ! ಕೊಪ್ಪರಿಗೆಯ ತಳದಲ್ಲಿ ಪಾಕ ಒಂಚೂರು ಸೀದಾಗ ಬರುತ್ತಲ್ಲ, ಅದೇ ವಾಸನೆ. ಅದನ್ನ ಅವರಿಗೆ ಹೇಗೆ ಹೇಳೋದು? 'ಟಾಫಿ' ಅಂದೆ. ತಲೆಯಾಡಿಸಿದರು.

ನಮ್ಮದು ಮಂಡ್ಯ ಕಡೆ ಹಳ್ಳಿ. ಆಲೆಮನೆಯಲ್ಲಿ ಪಾಕ ನೋಡ್ತಿದ್ದೋರು ದೊಡ್ಡಪ್ಪ. ಕುದಿಯೋ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ನಾಲಿಗೆಗೆ ಇಟ್ಟುಕೊಂಡು 'ಇಳಿಸ್ರಲಾ' ಅನ್ನೋರು. ಕಬ್ಬು ಯಾರ ಗದ್ದೇದು, ಸುಣ್ಣ ಜಾಸ್ತಿ ಬಿತ್ತಾ, ಎಲ್ಲಾ ಆ ನಾಲಿಗೆಗೆ ಗೊತ್ತಾಗ್ತಿತ್ತು. ಸಂಜೆ ಅದೇ ನಾಲಿಗೆಗೆ ಪ್ಯಾಕೆಟ್ ಸಾರಾಯಿ. ಹಲ್ಲಲ್ಲಿ ಮೂಲೆ ಕಚ್ಚಿ, ಒಂದೇ ಏಟಿಗೆ ಗಂಟಲಿಗೆ. ಅದರಲ್ಲಿ ಸವಿಯೋಕೆ ಏನಿತ್ತು, ಉರಿ ಬಿಟ್ಟು?

ಅವರದ್ದು ಚಟ, ನಂದು ಅಭಿರುಚಿ. ಹೀಗೆ ಅಂದುಕೊಂಡೇ ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಅವರು ಅಮಲಿಗೆ ಕುಡಿದ್ರು, ನಾನು ರುಚಿಗೆ ಕುಡೀತೀನಿ. ಸರಿ, ಆದ್ರೆ ಇದೇ ರುಚಿಯನ್ನು ಆಲ್ಕೋಹಾಲ್ ಇಲ್ಲದೆ ಕೊಟ್ಟಿದ್ದರೆ ಆ ಹಿಮದಲ್ಲಿ ಐದು ಜನ ಕಾರ್ ಹತ್ತಿಕೊಂಡು ಬರ್ತಿದ್ವಾ? ಎರಡನೇ ಬಾಟಲಿ ಮುಗಿಯೋ ಹೊತ್ತಿಗೆ (ಹೌದು, ಎರಡನೇದೂ ಬಿಚ್ಚಿದ್ರು) ಅಂಜೂರದ ಮಾತು ಯಾರೂ ಆಡ್ತಿರಲಿಲ್ಲ, ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಹಾಗಂತ ದೊಡ್ಡಪ್ಪನ್ನ ಕಲಾವಿದ ಮಾಡೋಕೆ ಹೊರಟಿಲ್ಲ. ದೊಡ್ಡವ್ವನ ಓಲೆ ಹೋಗಿದ್ದು ಆ ಪ್ಯಾಕೆಟ್ಟಿಗೇ. ನನ್ನ ಬಾಟಲಿಗೆ ಯಾರ ಓಲೆಯೂ ಹೋಗಿಲ್ಲ. ಇದು ದೊಡ್ಡ ವ್ಯತ್ಯಾಸ, ಇದನ್ನ ಸಣ್ಣದು ಮಾಡಿದರೆ ದೊಡ್ಡವ್ವನಿಗೆ ಅನ್ಯಾಯ. ಆದ್ರೆ ಅದರಲ್ಲಿ ನನ್ನ ಸಂಯಮದ ಪಾಲೆಷ್ಟು, ಸಂಬಳದ ಪಾಲೆಷ್ಟು? ನಿಧಾನ ಅನ್ನೋದನ್ನೂ ನಾನು ದುಡ್ಡು ಕೊಟ್ಟೇ ತಂದಿದ್ದು. ಕಾದಿದ್ದು ಪೀಪಾಯಿ, ನಾನಲ್ಲ.

2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಾನಾಗ ಬಿಇ ಓದ್ತಿದ್ದೆ. ದೊಡ್ಡಪ್ಪ ಅಗ್ಗದ ವಿಸ್ಕಿಗೆ ಬದಲಾದರು, ಖರ್ಚು ಹೆಚ್ಚಾಯ್ತು ಅಷ್ಟೆ. ಆ ರಜೆಯಲ್ಲಿ ಒಂದಿನ ಬಿಸಿ ಬೆಲ್ಲದ ಉಂಡೆ ಕೈಗಿಟ್ಟು, 'ತಿನ್ನು ಮಗ, ಒಳ್ಳೆ ಪಾಕ ಬಂದದೆ' ಅಂದರು. ಕೈಯಿಂದ ವಾಸನೆ ಬರ್ತಿತ್ತು. ಬೇಡ ಅಂತ ಅಲ್ಲೇ ಕಟ್ಟೆ ಮೇಲಿಟ್ಟು ಎದ್ದು ಬಂದೆ. ಅವರು ಆ ದಿನ ನನ್ನಿಂದ ಕೇಳಿದ್ದು ಒಂದು ಟೇಸ್ಟಿಂಗ್. ಈಗ ಅವರಿಲ್ಲ. ಶಿಕಾಗೋದ ಆ ಸೋಫಾದಲ್ಲಿ ಕೂತು ನಾನು ಅದೇ ಬೆಲ್ಲವನ್ನು ಇಂಗ್ಲಿಷಿನಲ್ಲಿ ಹೊಗಳಿದೆ.

ಹೊರಡುವಾಗ ಗೆಳೆಯ ಒಂದು ಬಾಟಲಿ ಕೈಗಿಟ್ಟ. ಕತ್ತಲಲ್ಲಿ, ತಂಪಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತಂತೆ. ದೊಡ್ಡಪ್ಪ ಪ್ಯಾಕೆಟ್ಟುಗಳನ್ನು ಹುಲ್ಲಿನ ಮೆದೆಯೊಳಗೆ ತುರುಕಿಡೋರು. ನಾವು ಮಕ್ಕಳು ಹುಡುಕಿ ದೊಡ್ಡವ್ವನಿಗೆ ಹೇಳ್ತಿದ್ವಿ.

ಜೂನ್‌ನಲ್ಲಿ ಅವ್ವ ಇಲ್ಲಿಗೆ ಬರ್ತಾಳೆ. ಬಾಟಲಿ ಸದ್ಯಕ್ಕೆ ಕಪಾಟಿನಲ್ಲಿ, ಸೂಟ್‌ಕೇಸಿನ ಹಿಂದೆ ಇದೆ.