ನೆತ್ತಿಯ ಅಳತೆ

ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ವರ್ಷ ತುಂಬುವ ಹೊತ್ತಿಗೆ ಅದು 46ರ ಹತ್ತಿರ ಬಂದಿರುತ್ತದೆ. ಆಮೇಲೆ ಜೀವಮಾನವಿಡೀ ಬೆಳೆದರೂ ಇನ್ನೊಂದು ಹತ್ತು ಸೆಂಟಿಮೀಟರ್ ಹೆಚ್ಚಾದರೆ ಹೆಚ್ಚು. ಹಾಗಾಗಿ ಎಳೆಗೂಸಿಗೆ ಹೆಣೆದ ಟೋಪಿ ಎರಡು ಮೂರು ತಿಂಗಳಲ್ಲಿ ಬಿಗಿಯಾಗುವುದು ಖಂಡಿತ. ಇದು ಗೊತ್ತಿದ್ದೇ ಬಾಣಂತಿಯ ಮನೆಯಲ್ಲಿ ಅಜ್ಜಿಯೋ ಸೋದರತ್ತೆಯೋ ಕ್ರೋಶಾ ಕಡ್ಡಿ ಹಿಡಿದು ಕೂರುತ್ತಾರೆ. ಬಾಳಿಕೆ ಬರುವುದನ್ನೇ ಕೊಡಬೇಕೆಂದು ಬೆಳ್ಳಿ ಬಟ್ಟಲು ಕೊಡುವವರು ಬೇರೆ ಇದ್ದಾರೆ. ಹೆಣೆಯುವವರ ಕೆಲಸ ಇವತ್ತಿನ ತಲೆಗೆ, ಇವತ್ತಿನ ಚಳಿಗೆ.

ಟೋಪಿ ಶುರುವಾಗುವುದು ನೆತ್ತಿಯಿಂದ. ದಾರದ ಪುಟ್ಟ ಉಂಗುರ ಮಾಡಿ ಅದರೊಳಗೆ 6 ಕುಣಿಕೆ ಹಾಕುತ್ತಾರೆ. ಮುಂದಿನ ಸುತ್ತಿಗೆ 12, ಅದರಾಚೆ 18, ಆಮೇಲೆ 24. ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ಬಿಲ್ಲೆ ಚಪ್ಪಟೆಯಾಗಿ ಹರಡುತ್ತದೆ. ಕುಣಿಕೆ ಕಡಿಮೆಯಾದರೆ ಬಟ್ಟಲಿನಂತೆ ಮುದುಡುತ್ತದೆ, ಜಾಸ್ತಿಯಾದರೆ ಅಂಚು ನಿರಿಗೆ ಕಟ್ಟುತ್ತದೆ. ವರ್ಷದ ಮಗುವಿಗಾದರೆ ಬಿಲ್ಲೆ 14 ಸೆಂಟಿಮೀಟರ್ ಅಗಲವಾದಾಗ ಹೆಚ್ಚಿಸುವುದನ್ನು ನಿಲ್ಲಿಸಿ ನೇರ ಇಳಿಯಬೇಕು. ತಲೆಯ ಸುತ್ತಳತೆಯಲ್ಲಿ ಎರಡು ಸೆಂಟಿಮೀಟರ್ ಕಳೆದು 3.14ರಿಂದ ಭಾಗಿಸಿದರೆ ಇದೇ ಲೆಕ್ಕ ಸಿಗುತ್ತದೆ. ಆದರೆ ಮನೆಯಲ್ಲಿ ಹೆಣೆಯುವವರು ಭಾಗಿಸುತ್ತ ಕೂರುವುದಿಲ್ಲ. ಬಿಲ್ಲೆಯನ್ನು ಮಗುವಿನ ತಲೆಯ ಮೇಲಿಟ್ಟು ನೋಡುತ್ತಾರೆ. ಹಾಗೆ ಇಡುವಾಗ ನೆತ್ತಿಯ ಮೆತ್ತನೆ ಜಾಗದ ಮಿಡಿತ ಬೆರಳಿಗೆ ತಾಗುತ್ತದೆ. ‘6ರಿಂದ 12 ತಿಂಗಳು’ ಎಂದು ಚೀಟಿ ಅಂಟಿಸಿದ ಅಂಗಡಿಯ ಟೋಪಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆ ಚೀಟಿಗೆ ಈ ಮಗು ಗೊತ್ತಿಲ್ಲ, ಅಷ್ಟೇ.

ದಾರ ಯಾವುದು ಎನ್ನುವುದನ್ನು ಊರಿನ ಹವೆ ಹೇಳುತ್ತದೆ. ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಈಗ ಎಲ್ಲವೂ ದಾವಣಗೆರೆಗೆ ಸೇರಿದ್ದರೂ ಅಡಿಕೆ ತೋಟದ ಥಂಡಿ ಬೇರೆ, ಜಗಳೂರಿನ ಬಯಲು ಗಾಳಿ ಬೇರೆ. ಕುರಿ ಸಾಕುವ ಬಯಲುಸೀಮೆಯಲ್ಲಿ ಕಂಬಳಿಗೆ ಕೊರತೆಯಿಲ್ಲ, ಆದರೆ ಆ ಉಣ್ಣೆ ಎಳೆಗೂಸಿನ ಚರ್ಮಕ್ಕೆ ಚುಚ್ಚುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಬೆಚ್ಚಗಿರುತ್ತದೆ, ತೊಳೆಯಲು ಸುಲಭ, ಬೆವರು ಮಾತ್ರ ಹೀರುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಈ ಸೀಮೆಯ ಮಗುವಿಗೆ ಹತ್ತಿ ದಾರವೇ ಸರಿ. ತೂತು ತೂತಾದ ಹೆಣಿಗೆ ನೋಡಲು ಚೆಂದ, ಆದರೆ ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗದ್ದದ ಕೆಳಗೆ ಕಟ್ಟುವ ಲಾಡಿಯ ಟೋಪಿಯನ್ನು ಮಲಗಿಸುವಾಗ ತೆಗೆದುಬಿಡಬೇಕು. ಹೆಣೆದ ಗೊಂಬೆಗೆ ಗುಂಡಿಯ ಕಣ್ಣು ಬೇಡ, ಕಪ್ಪು ದಾರದಲ್ಲಿ ಹೊಲಿದ ಕಣ್ಣು ಸಾಕು. ಇದೇ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರು ಪೂಜಿಸುವ ಸಂತ ಸೇವಾಲಾಲರು ಹುಟ್ಟಿದ ಊರು. ಸುತ್ತಲಿನ ಲಂಬಾಣಿ ತಾಂಡಾಗಳಲ್ಲಿ ಕನ್ನಡಿ, ಕವಡೆ, ಮಣಿ ಕೂರಿಸಿ ಹೊಲಿಯುವ ಕಸುಬು ತಾಯಿಯಿಂದ ಮಗಳಿಗೆ ಬಂದದ್ದು. ಅಂಥ ಕೈ ಮಗುವಿನ ಟೋಪಿಯ ಅಂಚಿಗೂ ಬೀಳಲಿ ಎಂಬ ಆಸೆ ನನ್ನದು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ದಾಟಿದ ಮೇಲೆ.

ಟೋಪಿಯ ಹಾಗೆ ಮಗುವಿಗೆಂದು ಮನೆಯಲ್ಲೇ ಮಾಡಬಹುದಾದ ಇನ್ನೊಂದು ಹುಟ್ಟುಹಬ್ಬದ ಕೇಕು. ಅದಕ್ಕೆ ಓವನ್ ಇಲ್ಲವೆಂದು ಯಾರೂ ಸುಮ್ಮನಿರಬೇಕಿಲ್ಲ. ಹಳೆಯ ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದು, ತಳಕ್ಕೆ ಒಂದು ಪದರ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್. ಅರ್ಧ ರಾಗಿ ಹಿಟ್ಟು, ಅರ್ಧ ಗೋಧಿ ಹಿಟ್ಟು. ಬರೀ ರಾಗಿಯಾದರೆ ಹಿಟ್ಟನ್ನು ಹಿಡಿದಿಡುವ ಅಂಟಿಲ್ಲದೆ ಕೇಕು ಪುಡಿಪುಡಿಯಾಗುತ್ತದೆ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಹುಳಿ ಮೊಸರು, ಚಿಟಿಕೆ ಸೋಡಾ ಸೇರಿ ಕೇಕು ಉಬ್ಬಿಸುವ ಕೆಲಸ ಮಾಡುತ್ತವೆ. ಸೋಡಾ ಬಿದ್ದೊಡನೆ ಮೊಸರಿನಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಕೂರುವ ಮೊದಲು ಪಾತ್ರೆ ಕುಕ್ಕರಿಗೆ ಇಳಿದಿರಬೇಕು. ಬೆಣ್ಣೆಯ ಬಗ್ಗೆ ದಾವಣಗೆರೆ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಡುವೆ ಕಡ್ಡಿ ಚುಚ್ಚಿ ತೆಗೆದರೆ ಹಿಟ್ಟು ಅಂಟಬಾರದು.

ಸಿಹಿಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಬೇಡವೆನ್ನುತ್ತಾರೆ ಮಕ್ಕಳ ವೈದ್ಯರು, ಬೆಲ್ಲವೂ ಅದೇ ಲೆಕ್ಕಕ್ಕೆ ಬರುತ್ತದೆ. ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದು ಅಪಾಯ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ತಡೆಯುವ ಶಕ್ತಿ ಎಳೆ ಕರುಳಿಗಿಲ್ಲ. ಮೊದಲ ಹುಟ್ಟುಹಬ್ಬಕ್ಕೆ ಕಳಿತ ಏಲಕ್ಕಿ ಬಾಳೆಹಣ್ಣು ಕಿವುಚಿ ಹಾಕಿದರೆ ಬೇರೆ ಸಿಹಿಯೇ ಬೇಕಾಗುವುದಿಲ್ಲ. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೈದಾದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹೊನ್ನಾಳಿಯಿಂದ ಜಗಳೂರಿನವರೆಗೆ ಹೊಲದ ತುಂಬ ಮೆಕ್ಕೆಜೋಳ ನಿಂತಿರುತ್ತದೆ, ಅದರ ದೊಡ್ಡ ಪಾಲು ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಹೋಗುತ್ತದೆ. ಆ ಹೊಲದವರ ಮಕ್ಕಳ ಕೈಗೆ ಪೇಟೆಯಿಂದ ಬಂದ ಮೈದಾ ಬಿಸ್ಕತ್ತು. ಇದು ನನಗೆ ಸಂಕಟದ ಸಂಗತಿ.

ಹಾಗೆಂದು ತಾಯಂದಿರ ತಲೆಗೆ ಇನ್ನೊಂದು ಹೊರೆ ಹೇರುವ ಇಷ್ಟ ನನಗಿಲ್ಲ. ಅಡಿಕೆ ಸುಲಿತದ ಕಾಲದಲ್ಲಿ ಚನ್ನಗಿರಿ ಕಡೆಯ ಹೆಂಗಸರ ಬೆರಳಿಗೆ ಬಿಡುವೆಲ್ಲಿ? ಬೇಕರಿಯಿಂದ ತಂದ ಬನ್ನು ತಿಂದ ಮಗುವೂ ಪ್ರೀತಿ ಉಂಡೇ ಬೆಳೆಯುತ್ತದೆ. ನನ್ನ ತಕರಾರು, ಮಾಡುವವರ ಕೆಲಸಕ್ಕೆ ‘ಟೈಂಪಾಸ್’ ಎನ್ನುವುದರ ಬಗ್ಗೆ. ಆಂಧ್ರದ ಗೋದಾವರಿ ದಂಡೆಯ ನರಸಾಪುರದಲ್ಲಿ ಸಾವಿರಾರು ಹೆಂಗಸರು ದಿನಕ್ಕೆ ಆರೆಂಟು ಗಂಟೆ ಕ್ರೋಶಾ ಲೇಸು ಹೆಣೆಯುತ್ತಿದ್ದರು, ಅದು ಪರದೇಶಗಳಿಗೆ ಹೋಗುತ್ತಿತ್ತು. ಆದರೂ ಅವರನ್ನು ಮನೆಯಲ್ಲಿ ಸುಮ್ಮನೆ ಕೂತವರೆಂದೇ ಲೆಕ್ಕ ಹಿಡಿಯುತ್ತಿದ್ದರು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮಾರಿ ದುಡ್ಡು ಬಂದ ಹೆಣಿಗೆಗೇ ಆ ಗತಿಯಾದರೆ, ಮೊಮ್ಮಗುವಿನ ಕಾಲುಚೀಲಕ್ಕೆ ಕೂತ ಅಜ್ಜಿಯ ಗಂಟೆಗಳನ್ನು ಯಾರು ಎಣಿಸುತ್ತಾರೆ? ಮನೆಯ ಗಂಡಸರು ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡರೂ ಸಾಕು. ಕೇಕಿನ ಹಿಟ್ಟು ಕಲಸಿದರೆ ಇನ್ನೂ ಒಳ್ಳೆಯದು.

ಕೇಕು ಅವತ್ತೇ ಮುಗಿಯಲಿ. ಟೋಪಿ ಬಿಗಿಯಾದಾಗ ಅದನ್ನು ನೆನಪಿಗೆಂದು ಬೀರುವಿನಲ್ಲಿ ಇಡದೆ ಬಿಚ್ಚಬಹುದು. ಕ್ರೋಶಾದ ದೊಡ್ಡ ಗುಣವೇ ಅದು. ಕೊನೆಯ ಗಂಟು ಬಿಡಿಸಿ ದಾರ ಎಳೆದರೆ ಸುತ್ತು ಸುತ್ತಾಗಿ ಬಿಚ್ಚಿಕೊಂಡು ನೆತ್ತಿಯ ಆರು ಕುಣಿಕೆಯವರೆಗೆ ಬರುತ್ತದೆ. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳಗೊಂದು ಸಣ್ಣ ಭಾರ ಕಟ್ಟಿ ನೆರಳಲ್ಲಿ ತೂಗುಹಾಕಿದರೆ ಒಣಗುವ ಹೊತ್ತಿಗೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಬೆಳೆದ ತಲೆಗೆ ಅಷ್ಟೇ ದಾರ ಸಾಲುವುದಿಲ್ಲ. ಕಿವಿ ಮುಚ್ಚುವ ಕೊನೆಯ ನಾಲ್ಕೈದು ಸುತ್ತಿಗೆ ಬೇರೆ ಬಣ್ಣದ್ದು ಸೇರಿಸಿಕೊಳ್ಳಬೇಕು.