ಗಾಲಿಯ ಅಂತರ

ನವಲಗುಂದ ಸೀಮೆಯ ಎರೆಭೂಮಿಯಲ್ಲಿ ಮಳೆ ಹಿಂದಾಗಿ ಕೆಸರು ಆರಿದ ತರುವಾಯ, ಚಕ್ಕಡಿಯ ಗಾಲಿಗಳು ಕೊರೆದ ಜಾಡು ಕಲ್ಲಿನಂತೆ ಬಿಗಿದು ನಿಲ್ಲುವುದನ್ನು ಕಂಡವರಿಗೆ ಪ್ರಮಾಣೀಕರಣವೆಂಬ ಶಬ್ದಕ್ಕೆ ಬೇರೆ ಭಾಷ್ಯ ಬೇಕಾಗದು. ನೊಗದ ಕೆತ್ತನೆ, ಕೋಡಿಗೆ ಬಳಿದ ಬಣ್ಣ, ಕೊರಳ ಗೆಜ್ಜೆ ಇವೆಲ್ಲ ಬಡಿಗನ ಹಾಗೂ ಒಡೆಯನ ಅಭಿರುಚಿಗೆ ಬಿಟ್ಟ ಸಂಗತಿಗಳು. ಎರಡು ಗಾಲಿಗಳ ನಡುವಣ ಅಂತರ ಮಾತ್ರ ಊರೆಲ್ಲದರ ಸೊತ್ತು. ಅದು ತಪ್ಪಿದ ಗಾಡಿ ಎಷ್ಟೇ ಚೆಲುವಾದರೂ ಜಾಡಿನಲ್ಲಿ ಕುಪ್ಪಳಿಸಿ ಅಚ್ಚು ಮುರಿದುಕೊಳ್ಳುತ್ತದೆ.

ಗಣಕಗಳ ಲೋಕಕ್ಕೂ ಇದೇ ಮಾತು ಸಲ್ಲುತ್ತದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತನ್ನ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಲೋಕದ ಮುಂದಿಟ್ಟ ಮೇಲೆ, ಅದರ ಸುತ್ತ ಡೆಬಿಯನ್, ಉಬುಂಟು ಮೊದಲಾದ ನೂರಾರು ವಿತರಣೆಗಳೂ, 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ, ಪರದೆಯ ಮೇಲೆ ಕಾಣುವ ಭಿನ್ನ ಮುಖಗಳೂ ಉದಿಸಿದವು. ಇದನ್ನು ಸ್ವಾತಂತ್ರ್ಯದ ಸಮೃದ್ಧಿಯೆಂದು ಕೊಂಡಾಡುವವರುಂಟು, ಅರಾಜಕತೆಯೆಂದು ಹಳಿಯುವವರೂ ಉಂಟು. ಗೆಜ್ಜೆ ಯಾವುದು, ಗಾಲಿಯ ಅಂತರ ಯಾವುದು ಎಂಬ ವಿವೇಚನೆ ಇಬ್ಬರಲ್ಲಿಯೂ ಕಾಣದು. 2000ದಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಹೆಸರಿನಲ್ಲಿ ಆ ಎದುರಾಳಿ ಮುಖಗಳಿಗೆಲ್ಲ ಸಲ್ಲುವ ಸಮಾನ ನಿಯಮಗಳ ಕೆಲಸ ಆರಂಭವಾದುದು ಆ ವಿವೇಚನೆಯತ್ತ ಒಂದು ಹೆಜ್ಜೆ. ಮುಖ ಯಾರದಾದರೂ ಇರಲಿ, ಒಂದರ ತಂತ್ರಾಂಶ ಇನ್ನೊಂದರ ಪಟ್ಟಿಯಲ್ಲಿ ಕಾಣಿಸಬೇಕು ಎಂಬುದು ಅದರ ಹಂಬಲ.

ಅಣ್ಣಿಗೇರಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ, ಬೆಳೆಹಾನಿಯ ಅರ್ಜಿಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ ರೈತನೊಬ್ಬನ ಕಣ್ಣೆದುರಿಗೇ, ಉಬುಂಟು ಹಾಕಿಸಿದ ಗಣಕದ ಪರದೆಯ ಮೇಲೆ ಕನ್ನಡವೆಲ್ಲ ಅಳಿದು ವಿಕಾರವಾದ ರೋಮನ್ ಅಕ್ಷರಗಳ ಸಂತೆ ನೆರೆದುದನ್ನು ನಾನು ಕಂಡೆನು. "ಇದರಾಗ ನನ್ನ ಹೆಸರ ಎಲ್ಲೈತಪಾ?" ಎಂದನಾತ. "ಇದರಾಗ ನುಡಿ ಇಲ್ಲ ಕಾಕಾ" ಎಂದ ಅಂಗಡಿಯ ಹುಡುಗ. ಹಳೆಯ ನುಡಿ ತಂತ್ರಾಂಶದ ಫಾಂಟುಗಳು ಕನ್ನಡದ ಅಕ್ಷರಖಂಡಗಳನ್ನು ರೋಮನ್ ಸಂಕೇತಗಳ ಮನೆಯಲ್ಲಿ ಕೂಡಿಸಿದ್ದುದರಿಂದ, ಆ ಫಾಂಟಿಲ್ಲದ ಯಂತ್ರಕ್ಕೆ ಅಲ್ಲಿ ಕನ್ನಡವಿದೆಯೆಂಬುದೇ ತಿಳಿಯದು. ಯೂನಿಕೋಡ್ ಈ ವ್ಯಾಧಿಗೆ ಮದ್ದಾಗಿ 1991ರಲ್ಲಿಯೇ ಬಂದಿತ್ತು. ಊರ ಕಡತಗಳಿಗೆ ಮಾತ್ರ ತಡವಾಗಿ ಮುಟ್ಟಿತು.

ಹೊಸತಾಗಿ ಬೆರಳಚ್ಚು ಮಾಡೋಣವೆಂದರೆ ಕೀಲಿಮಣೆಯ ತೊಡಕು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಸರಕಾರವೇ ಮಾನ್ಯ ಮಾಡಿದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಇಲ್ಲವೆಂದಲ್ಲ. ಸೆಟ್ಟಿಂಗ್ಸಿನ ಒಳಮನೆಯಲ್ಲಿ, ಇಂಗ್ಲಿಷ್ ಹೆಸರುಗಳ ಪಟ್ಟಿಯ ನಡುವೆ ಅದು ಅವಿತು ಕುಳಿತಿತ್ತು. ಹುಡುಕಬಲ್ಲವನಿಗೆ ಮಾತ್ರ ದೊರೆಯುವ ವಸ್ತು ಉಳಿದವರ ಪಾಲಿಗೆ ಇದ್ದೂ ಇಲ್ಲದಂತೆ.

ಏಕರೂಪತೆ ಬಲಶಾಲಿಯ ಹೇರಿಕೆಯಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. ನಮ್ಮ ಅಣ್ಣಿಗೇರಿ, ನವಲಗುಂದಗಳು ಹೆಚ್ಚುಕಡಮೆ ಆ ಎಲ್ಲೆಯೊಳಗೇ ಇವೆ. ಆದರೂ ಅದೇ ಗ್ರಂಥ, ಕನ್ನಡದ ದೇಸಿಗಳ ಬಗೆಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಒಪ್ಪುತ್ತದೆ. ಬರೆಹಕ್ಕೆ ಕೂಡುದಾಣವೊಂದನ್ನು ಗೊತ್ತುಮಾಡಿ ಆಡುನುಡಿಯನ್ನು ಅದರ ಪಾಡಿಗೆ ಬಿಟ್ಟ ಆ ಔದಾರ್ಯವನ್ನು ಇಂದಿನ ವಿತರಣೆಗಾರರು ಕಲಿಯಬಾರದೇಕೆ? ಸಂಕೇತ, ಕಡತ, ಕೀಲಿಮಣೆ ಇವು ಗಾಲಿಯ ಅಂತರ. ಉಳಿದುದರಲ್ಲಿ ಅವರು ಮನಸ್ಸು ಬಂದಂತೆ ಕೆತ್ತಲಿ.

ಅಂದು ಆ ಅರ್ಜಿಯನ್ನು ಕೊನೆಗೆ ಬಿಳಿಯ ಹಾಳೆಯ ಮೇಲೆ ಕೈಯಿಂದಲೇ ಬರೆದುಕೊಟ್ಟೆವು.